ಹದಿಮೂರು ಗೆಲುವು, ಒಂದು ಕಿಕ್

ನಾನು ಬಾಯ್ಸಿ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದಿದ್ದು ಅಂದ ಕೂಡಲೇ ಅಮೆರಿಕದ ಫುಟ್‌ಬಾಲ್ ಗೊತ್ತಿರುವವರು ಕೇಳುವುದು ಒಂದೇ ಪ್ರಶ್ನೆ. "ಆ ಫಿಯೆಸ್ಟಾ ಬೌಲ್ ನೋಡಿದ್ರಾ?" ನೋಡಿದ್ದೇನೆ. ಕಾಲೇಜು ತಂಡಗಳ ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದು ಅದು. 2007ರ ಜನವರಿ 1ರ ರಾತ್ರಿ, ಓಕ್ಲಹೋಮಾ ವಿರುದ್ಧ ನಮ್ಮವರು ಗೆದ್ದದ್ದು 43-42. ಈಗಲೂ ವರ್ಷಕ್ಕೊಮ್ಮೆಯಾದರೂ ಅದರ ಕೊನೆಯ ಹತ್ತು ನಿಮಿಷ ಹಾಕಿಕೊಂಡು ನೋಡುತ್ತೇನೆ, ಮೈ ಜುಮ್ಮೆನ್ನುತ್ತದೆ.

ಆದರೆ ಆ ಸೀಸನ್ ಅಂದರೆ ನನಗೆ ಮೊದಲು ನೆನಪಾಗುವುದು ಆ ರಾತ್ರಿ ಅಲ್ಲ. ಅದಕ್ಕೂ ಏಳು ವಾರ ಮುಂಚಿನ ಒಂದು ಶನಿವಾರ. ನವೆಂಬರ್ 11, ಸ್ಯಾನ್ ಹೋಸೆ. ಅಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡಲೂ ಇಲ್ಲ. ಒಂದು ಗ್ಯಾರೇಜ್‌ನಲ್ಲಿ ನಿಂತು ರೇಡಿಯೋದಲ್ಲಿ ಕೇಳಿದ್ದು ಅಷ್ಟೇ. ಇಷ್ಟು ವರ್ಷ ಆದಮೇಲೆ ಆ ಸೀಸನ್ ಬಗ್ಗೆ ಒಮ್ಮೆ ಪೂರ್ತಿ ಬರೆದುಬಿಡಬೇಕು ಅನ್ನಿಸಿದೆ.

2006ರ ಆಗಸ್ಟ್‌ನಲ್ಲಿ ಎಂಎಸ್ ಮಾಡಲು ಬಾಯ್ಸಿಗೆ ಬಂದೆ. ಐಡಹೋ ರಾಜ್ಯದ ರಾಜಧಾನಿ. ಊರಿನವರು 'ಬಾಯ್ಸಿ' ಅನ್ನುತ್ತಾರೆ, 'ಬಾಯ್ಝಿ' ಅಂದರೆ ಹೊರಗಿನವರು ಅಂತ ತಕ್ಷಣ ಗೊತ್ತಾಗುತ್ತದೆ. ಉತ್ತರಕ್ಕೆ ಬೋಳು ಗುಡ್ಡಗಳು, ಊರಿನ ನಡುವೆ ನದಿ, ನದಿಯ ದಡದಲ್ಲೇ ಯೂನಿವರ್ಸಿಟಿ. ಕ್ಯಾಂಪಸ್ಸಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಮನೆಯ ಹಿಂಬದಿ ರೂಮು ಬಾಡಿಗೆಗೆ ಸಿಕ್ಕಿತು. ಮನೆಯಲ್ಲಿ ಇದ್ದದ್ದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಅವರ ಹೆಸರು ಇಲ್ಲಿ ಬೇಡ. ಮನಸ್ಸಿನಲ್ಲಿ ನಾನು ಅವರನ್ನು ಅಜ್ಜ, ಅಜ್ಜಿ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಬಂದ ಎರಡನೇ ದಿನ ಅಜ್ಜ ನನ್ನನ್ನು ಸ್ಟೇಡಿಯಂ ಹತ್ತಿರ ಕರೆದುಕೊಂಡು ಹೋದರು. ಗೇಟಿನ ಸಂದಿಯಿಂದ ಇಣುಕಿ ನೋಡಿದರೆ ಮೈದಾನ ಪೂರ್ತಿ ನೀಲಿ! ಹುಲ್ಲಿನ ಹಸಿರು ಎಲ್ಲೂ ಇಲ್ಲ. 1986ರಲ್ಲಿ ಹಾಕಿದ್ದಂತೆ ಆ ನೀಲಿ ಟರ್ಫ್. ಆಗ ಬೇರೆ ಊರಿನವರು ನಕ್ಕಿದ್ದರಂತೆ. "ನಗಲಿ ಬಿಡು, ಒಂದು ಸಲ ನೋಡಿದವರು ಮರೆಯಲ್ಲ ಅಲ್ವಾ?" ಅಂದರು ಅಜ್ಜ. ನನಗೆ ಆಟದ ಗಂಧಗಾಳಿ ಇರಲಿಲ್ಲ. ಫುಟ್‌ಬಾಲ್ ಅಂದರೆ ಕಾಲಲ್ಲಿ ಆಡುವುದು ಅಂದುಕೊಂಡವರ ಪೈಕಿ ನಾನು.

ಅವತ್ತು ರಾತ್ರಿ ಊಟ ಆದಮೇಲೆ ಅಜ್ಜ ಅಜ್ಜಿಯ ಹೊಲಿಗೆ ಸಾಮಾನಿನಿಂದ ಗುಂಡಿಗಳ ಡಬ್ಬಿ ತಂದರು. ಅಗಲವಾದ ತಗಡಿನ ಡಬ್ಬಿ, ಒಳಗೆ ನೂರಾರು ಗುಂಡಿ. ಅಡುಗೆಮನೆಯ ಮೇಜಿನ ಮೇಲೆ ಹನ್ನೊಂದು ನೀಲಿ ಗುಂಡಿ ಒಂದು ಕಡೆ, ಹನ್ನೊಂದು ಕಂದು ಗುಂಡಿ ಇನ್ನೊಂದು ಕಡೆ ಜೋಡಿಸಿದರು. ಕೋಟಿನ ಒಂದು ದಪ್ಪ ಬಿಳಿ ಗುಂಡಿ ಚೆಂಡು. "ಇಷ್ಟೇ ನೋಡು ಮಗೂ. ನಾಲ್ಕು ಸಲ ಪ್ರಯತ್ನ, ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಪ್ರಯತ್ನ. ಹೋಗದಿದ್ದರೆ ಚೆಂಡು ಅವರಿಗೆ." ಓಟ, ಪಾಸ್, ಟಚ್‌ಡೌನ್‌ಗೆ ಆರು ಅಂಕ, ಅದಾದ ಮೇಲೆ ಕಿಕ್ ಹೊಡೆದರೆ ಒಂದು, ಕಿಕ್ ಬಿಟ್ಟು ಮತ್ತೆ ಒಳಗೆ ನುಗ್ಗಿದರೆ ಎರಡು. ದೂರದಿಂದ ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, ಮೂರು. ಗುಂಡಿಗಳನ್ನು ಬೆರಳಲ್ಲಿ ಸರಿಸುತ್ತಾ ಒಂದು ಗಂಟೆಯಲ್ಲಿ ನನಗೆ ಇಡೀ ಆಟ ಕಲಿಸಿದರು. ಇವತ್ತಿಗೂ ಟಿವಿಯಲ್ಲಿ ಆಟಗಾರರು ಸಾಲಾಗಿ ನಿಂತಾಗ ನನಗೆ ಗುಂಡಿಗಳೇ ಕಾಣುತ್ತವೆ.

ಆಟಕ್ಕಿಂತ ಕಷ್ಟವಾಗಿ ಅರ್ಥವಾದದ್ದು ಅದರ ಸುತ್ತಲಿನ ವ್ಯವಸ್ಥೆ. ಬಾಯ್ಸಿ ಸ್ಟೇಟ್ ಆಗ ಇದ್ದದ್ದು ವೆಸ್ಟರ್ನ್ ಅಥ್ಲೆಟಿಕ್ ಕಾನ್ಫರೆನ್ಸ್‌ನಲ್ಲಿ. ಎಲ್ಲರೂ ಕರೆಯುವುದು 'ವ್ಯಾಕ್' ಅಂತ. ಕಾನ್ಫರೆನ್ಸ್ ಅಂದರೆ ತಮ್ಮತಮ್ಮಲ್ಲಿ ಆಡುವ ಕಾಲೇಜು ತಂಡಗಳ ಒಂದು ಗುಂಪು. ಒಂಬತ್ತು ತಂಡ. ಹವಾಯಿಯ ಹೊನೊಲುಲುವಿನಿಂದ ಲೂಯಿಸಿಯಾನಾದ ರಸ್ಟನ್ ತನಕ ಹರಡಿಕೊಂಡಿತ್ತು. ಫ್ರೆಸ್ನೋ, ನೆವಾಡಾ, ಸ್ಯಾನ್ ಹೋಸೆ, ಯೂಟಾ ಸ್ಟೇಟ್, ನ್ಯೂ ಮೆಕ್ಸಿಕೋ ಸ್ಟೇಟ್, ಪಕ್ಕದ ಐಡಹೋ ಯೂನಿವರ್ಸಿಟಿ. ಯಾವುದೂ ದೇಶವೆಲ್ಲ ಹೆಸರು ಮಾಡಿದ ಫುಟ್‌ಬಾಲ್ ಕಾಲೇಜು ಅಲ್ಲ.

ಆಗ ದೊಡ್ಡ ಕಾನ್ಫರೆನ್ಸ್‌ಗಳು ಆರು. ಅವುಗಳ ಚಾಂಪಿಯನ್ನರಿಗೆ ವರ್ಷದ ಕೊನೆಯ ದೊಡ್ಡ ಬೌಲ್ ಪಂದ್ಯಗಳಲ್ಲಿ ಜಾಗ ಗ್ಯಾರಂಟಿ. ಅದನ್ನು ನಡೆಸುತ್ತಿದ್ದ ವ್ಯವಸ್ಥೆಗೆ ಬಿಸಿಎಸ್ ಅಂತ ಹೆಸರು. ವ್ಯಾಕ್‌ನಂಥ ಸಣ್ಣ ಕಾನ್ಫರೆನ್ಸಿನ ಚಾಂಪಿಯನ್ನರಿಗೆ ಬಾಗಿಲು ಸ್ವಲ್ಪವೇ ತೆರೆದಿತ್ತು. 2006ರಿಂದ ಐದನೇ ದೊಡ್ಡ ಪಂದ್ಯವೊಂದನ್ನು ಸೇರಿಸಿದರು, ನಿಯಮವನ್ನೂ ಸಡಿಲ ಮಾಡಿದರು. ಬಿಸಿಎಸ್ ಪಟ್ಟಿಯಲ್ಲಿ ಮೊದಲ 12ರ ಒಳಗೆ ಬಂದರೆ ಜಾಗ ಖಾತ್ರಿ. ಕೇಳಲು ಸುಲಭ. ಆದರೆ ಸಣ್ಣ ತಂಡ ಒಂದೇ ಒಂದು ಪಂದ್ಯ ಸೋತರೂ 12ರ ಒಳಗೆ ಉಳಿಯುವುದು ಕನಸಿನ ಮಾತು. ಅದೇ ವರ್ಷ ಶುಗರ್ ಬೌಲ್ ಆಡಿದ ಎಲ್‌ಎಸ್‌ಯು ಮತ್ತು ನೋಟ್ರ ಡೇಮ್ ಎರಡೂ ತಲಾ ಎರಡು ಪಂದ್ಯ ಸೋತು ಬಂದಿದ್ದವು. ನಮ್ಮ ಎದುರಾಳಿ ಓಕ್ಲಹೋಮಾ ಕೂಡ ಎರಡು ಸೋತಿತ್ತು. ಅವರಿಗೆಲ್ಲ ಎಡವಿ ಏಳಲು ಸಮಯ ಇತ್ತು. ನಮ್ಮ ಹುಡುಗರಿಗೆ ಇರಲಿಲ್ಲ. 12 ಪಂದ್ಯ, 12 ಫೈನಲ್. ಈ ಸೀಸನ್ ಬಗ್ಗೆ ನಾನು ಹೇಳಬೇಕಿರುವುದು ಇದನ್ನೇ. ಫಿಯೆಸ್ಟಾ ಬೌಲ್‌ನ ಆ ಮೂರು ಚಮತ್ಕಾರದ ಆಟಗಳಿಗೆ ಜಗತ್ತು ಚಪ್ಪಾಳೆ ಹೊಡೆಯಿತು. ಆದರೆ ಅಲ್ಲಿಗೆ ಹೋಗಲು ಟಿಕೆಟ್ ಸಿಕ್ಕಿದ್ದು ಯಾರೂ ಗಮನ ಕೊಡದ ಶನಿವಾರಗಳಲ್ಲಿ.

ಅಜ್ಜನ ಹತ್ತಿರ ಒಂದು ಲೆಕ್ಕದ ಪುಸ್ತಕ ಇತ್ತು. ಹಸಿರು ಗೆರೆಗಳ, ಉದ್ದನೆಯ, ಹಳೇ ಕಾಲದ ಅಂಗಡಿ ಲೆಕ್ಕದಂಥದ್ದು. ಪ್ರತಿ ಪಂದ್ಯಕ್ಕೂ ಒಂದು ಸಾಲು. ತಾರೀಖು, ಊರು, ಸ್ಕೋರು, ಕೊನೆಯಲ್ಲಿ ಒಂದೇ ಒಂದು ಪದ. ಎಲ್ಲ ಪೆನ್ಸಿಲ್‌ನಲ್ಲಿ. ಹಿಂದಿನ ಪುಟಗಳನ್ನೂ ತೋರಿಸಿದರು. 2004ರಲ್ಲಿ 11 ಪಂದ್ಯ ಆಡಿ ಹನ್ನೊಂದೂ ಗೆದ್ದಿದ್ದರು, ಆದರೂ ಬಿಸಿಎಸ್ ಕರೆಯಲಿಲ್ಲ. ಲಿಬರ್ಟಿ ಬೌಲ್‌ಗೆ ಹೋಗಿ ಲೂಯಿವಿಲ್ ವಿರುದ್ಧ 44-40ರಲ್ಲಿ ಸೋತರು. ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸ್ ಎಸೆಯುವ ಆಟಗಾರ, ಜೇರೆಡ್ ಝಬ್ರಾನ್‌ಸ್ಕಿಯ ಕೊನೆಯ ಪಾಸ್ ಎದುರಾಳಿಯ ಕೈಗೆ ಸಿಕ್ಕಿತ್ತು. 2005ರ ಮೊದಲ ಪಂದ್ಯದಲ್ಲಿ ಜಾರ್ಜಿಯಾ 48-13ರಲ್ಲಿ ಬಡಿಯಿತು, ಆ ದಿನ ಝಬ್ರಾನ್‌ಸ್ಕಿ ಮೊದಲರ್ಧದಲ್ಲೇ ಆರು ಸಲ ಚೆಂಡು ಬಿಟ್ಟುಕೊಟ್ಟಿದ್ದ. ಓರೆಗಾನ್‌ನ ಹರ್ಮಿಸ್ಟನ್ ಎಂಬ ಊರಿನ ಹುಡುಗ. ಊರಲ್ಲಿ ಅವನ ಬಗ್ಗೆ ಏನೇನೋ ಮಾತು ಕೇಳಿದ್ದೇನೆ. ಅಜ್ಜ ಮಾತ್ರ ಅವನನ್ನು ಎಂದೂ ಬೈದವರಲ್ಲ. "ಬಿದ್ದ ಜಾಗದಲ್ಲೇ ಮತ್ತೆ ನಿಲ್ಲುತ್ತಾನಲ್ಲ, ಅದು ಸಣ್ಣ ವಿಷಯ ಅಲ್ಲ" ಅನ್ನುತ್ತಿದ್ದರು.

ಕೋಚ್ ಕೂಡ ಹೊಸಬರು. ಹಿಂದಿನ ಕೋಚ್ ಡ್ಯಾನ್ ಹಾಕಿನ್ಸ್ ಕೊಲೊರಾಡೋಗೆ ಹೋದ ಮೇಲೆ, ಅವರ ಕೈಕೆಳಗೆ ಇದ್ದ ಕ್ರಿಸ್ ಪೀಟರ್ಸನ್‌ಗೆ ತಂಡ ಕೊಟ್ಟಿದ್ದರು. ಮುಖ್ಯ ಕೋಚ್ ಆಗಿ ಅವರಿಗೆ ಇದು ಮೊದಲ ವರ್ಷ.

ಮೊದಲ ಪಂದ್ಯ ಸ್ಯಾಕ್ರಮೆಂಟೊ ಸ್ಟೇಟ್ ವಿರುದ್ಧ, 45-0. ಅದರ ಬಗ್ಗೆ ಹೇಳುವಂಥದ್ದೇನಿಲ್ಲ.

ಎರಡನೆಯದು ಓರೆಗಾನ್ ಸ್ಟೇಟ್. ದೊಡ್ಡ ಕಾನ್ಫರೆನ್ಸಿನ ತಂಡ. ಗುರುವಾರ ರಾತ್ರಿ, ನೀಲಿ ಮೈದಾನ, ನಾನು ವಿದ್ಯಾರ್ಥಿಗಳ ಗ್ಯಾಲರಿಯಲ್ಲಿ. ಶುರುವಿನಲ್ಲೇ ಅವರು ಎರಡು ಟಚ್‌ಡೌನ್ ಹೊಡೆದರು. ಸುತ್ತಲೂ ಎಲ್ಲರೂ ಗಪ್‌ಚುಪ್. ಆಮೇಲೆ ಚೆಂಡು ಇಯಾನ್ ಜಾನ್ಸನ್ ಕೈಗೆ ಬಂತು. ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ಎರಡನೇ ವರ್ಷದ ಹುಡುಗ, ಕ್ಯಾಲಿಫೋರ್ನಿಯಾದವನು. ಗುಂಪಿನೊಳಗೆ ಹೊಕ್ಕವನು ಇನ್ನೊಂದು ಕಡೆಯಿಂದ ಒಬ್ಬನೇ ಹೊರಗೆ ಬರುತ್ತಿದ್ದ, ಅದನ್ನು ನೋಡುವುದೇ ಒಂದು ಚಂದ. ಆ ರಾತ್ರಿ 240 ಯಾರ್ಡ್ ಓಡಿದ, ಐದು ಟಚ್‌ಡೌನ್. 42-14. ಅದೇ ಓರೆಗಾನ್ ಸ್ಟೇಟ್ ಆ ವರ್ಷ ಮುಂದೆ ದೇಶದ ಬಲಿಷ್ಠ ತಂಡಗಳಲ್ಲೊಂದಾದ ಯುಎಸ್‌ಸಿಯನ್ನೇ ಸೋಲಿಸಿತು ಅನ್ನುವುದನ್ನೂ ಹೇಳಬೇಕು. ಬಾಯ್ಸಿ ಆಡಿದ್ದೆಲ್ಲ ದುರ್ಬಲರ ಜೊತೆ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಅಜ್ಜನ ಪುಸ್ತಕದಲ್ಲಿ ಆ ಸಾಲಿನ ಕೊನೆಗೆ 'ಜಾನ್ಸನ್' ಅಂತ ಬಿತ್ತು.

ಅಜ್ಜಿಗೆ ಅವನ ಮೇಲೆ ಬೇರೆಯೇ ಕಾರಣಕ್ಕೆ ಪ್ರೀತಿ. ಜಾನ್ಸನ್‌ಗೆ ಕ್ರೋಶಾ ಹಾಕಲು ಬರುತ್ತಿತ್ತು. ಉಲ್ಲನ್ ಟೋಪಿಗಳನ್ನು ತಾನೇ ಹೆಣೆಯುತ್ತಿದ್ದ. ಪೇಪರಿನಲ್ಲಿ ಅದು ಬಂದ ದಿನ ಅಜ್ಜಿ ಕತ್ತರಿಸಿ ಫ್ರಿಜ್ಜಿನ ಮೇಲೆ ಅಂಟಿಸಿದರು. "ಬೆರಳಿಗೆ ತಾಳ್ಮೆ ಇರುವ ಹುಡುಗ" ಅಂದರು. ಆಟದ ಮೇಲೆ ಅಷ್ಟೇನೂ ಆಸಕ್ತಿ ಇರದ ಅಜ್ಜಿ ಅಂದಿನಿಂದ ಅವನು ಕೆಳಗೆ ಬಿದ್ದಾಗಲೆಲ್ಲ ಎದ್ದು ನಿಂತು ನೋಡುತ್ತಿದ್ದರು.

ವ್ಯೋಮಿಂಗ್‌ಗೆ ಹೋಗಿ 17-10. ಅವರ ಊರು ಲ್ಯಾರಮೀ ಇರುವುದು 7,220 ಅಡಿ ಎತ್ತರದಲ್ಲಿ, ಉಸಿರು ಸಾಲುವುದಿಲ್ಲ. ಆ ದಿನದ ಆಟ ಚೆನ್ನಾಗಿರಲಿಲ್ಲ, ಗೆದ್ದರು ಅಷ್ಟೇ.

ಅದರ ಮುಂದಿನ ವಾರ ಹವಾಯಿ ಬಾಯ್ಸಿಗೆ ಬಂತು. ಇಡೀ ಸೀಸನ್‌ನಲ್ಲಿ ನಾನು ಮೈದಾನದಲ್ಲೇ ಕೂತು ನೋಡಿದ ಪಂದ್ಯಗಳಲ್ಲಿ ಇದಕ್ಕೇ ಮೊದಲ ಸ್ಥಾನ. ಹವಾಯಿಯ ಕ್ವಾರ್ಟರ್‌ಬ್ಯಾಕ್ ಕೋಲ್ಟ್ ಬ್ರೆನನ್. ಆ ವರ್ಷ ಅವನು 58 ಟಚ್‌ಡೌನ್ ಪಾಸ್ ಎಸೆದು ದಾಖಲೆ ಮಾಡಿದ. ಅವರಿಗೆ ಓಡುವ ಗೊಡವೆಯೇ ಇಲ್ಲ. ಎಸೆಯೋದು, ಎಸೆಯೋದು, ಮತ್ತೆ ಎಸೆಯೋದು. ನಾವು ಒಂದು ಟಚ್‌ಡೌನ್ ಹೊಡೆದು ಕೂತು ನೀರು ಕುಡಿಯುವಷ್ಟರಲ್ಲಿ ಅವರದ್ದೊಂದು. ಕೊನೆಯ ಕ್ಷಣದ ತನಕ ಯಾರೂ ಕೂರಲಿಲ್ಲ. 41-34. ಮನೆಗೆ ಬಂದಾಗ ನನಗೆ ಗಂಟಲೇ ಇರಲಿಲ್ಲ. ಅಜ್ಜಿ ಬಿಸಿನೀರಿಗೆ ಜೇನು ಹಾಕಿ ಕೊಟ್ಟರು. ಹವಾಯಿ ಆ ವರ್ಷ 11 ಪಂದ್ಯ ಗೆದ್ದಿತು. ಅಂಥ ತಂಡ ಇದ್ದ ಕಾನ್ಫರೆನ್ಸನ್ನು 'ಸಣ್ಣದು' ಅಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಯೂಟಾ ವಿರುದ್ಧ ಸಾಲ್ಟ್ ಲೇಕ್ ಸಿಟಿಯಲ್ಲಿ 36-3. ಎರಡು ವರ್ಷ ಹಿಂದೆ, ಅದೇ 2004ರಲ್ಲಿ, ಬಿಸಿಎಸ್ ಕರೆದದ್ದು ಇದೇ ಯೂಟಾ ತಂಡವನ್ನು. ಹಾಗಾಗಿ ಊರಿನವರಿಗೆ ಆ ಗೆಲುವು ಜಾಸ್ತಿ ಸಿಹಿ. ಆಮೇಲೆ ಲೂಯಿಸಿಯಾನಾ ಟೆಕ್ 55-14, ನ್ಯೂ ಮೆಕ್ಸಿಕೋ ಸ್ಟೇಟ್ 40-28, ಐಡಹೋ 42-26. ಫ್ರೆಸ್ನೋ ಸ್ಟೇಟ್‌ನ ಲೆಕ್ಕ ಬೇರೆ. ಹಿಂದಿನ ವರ್ಷ 27-7ರಲ್ಲಿ ಬಾಯ್ಸಿಯನ್ನು ಸೋಲಿಸಿ, ವ್ಯಾಕ್‌ನಲ್ಲಿ ಸತತ 31 ಗೆಲುವುಗಳ ಸರಪಳಿಯನ್ನು ಮುರಿದಿದ್ದು ಅವರೇ. ಈ ಸಲ 45-21. ಅಜ್ಜ ಪೆನ್ಸಿಲ್ ಚೂಪು ಮಾಡಿಕೊಂಡು ಬರೆದರು.

ಹೀಗೆ ಒಂಬತ್ತಕ್ಕೆ ಒಂಬತ್ತು. ಊರಲ್ಲಿ ಎಲ್ಲಿ ಹೋದರೂ ಅದೇ ಮಾತು. ಲೈಬ್ರರಿಯ ಕೌಂಟರ್‌ನಲ್ಲಿ, ಬಸ್ ಸ್ಟಾಪಿನಲ್ಲಿ, ನನ್ನ ಪ್ರೊಫೆಸರ್ ಕ್ಲಾಸ್ ಶುರು ಮಾಡುವ ಮುಂಚೆ. "ಈ ಸಲ ಆಗುತ್ತಾ?" ಅಂತ ಎಲ್ಲರೂ ಕೇಳುವುದು, ಯಾರೂ ಉತ್ತರ ಹೇಳದಿರುವುದು. ಬಾಯಿಬಿಟ್ಟರೆ ಎಲ್ಲಿ ಕೆಟ್ಟುಹೋಗುತ್ತದೋ ಅನ್ನುವ ಭಯ.

ನವೆಂಬರ್ 11. ಸ್ಯಾನ್ ಹೋಸೆ ಸ್ಟೇಟ್, ಅವರ ಮೈದಾನದಲ್ಲಿ.

ಅಜ್ಜನಿಗೆ ಹೊರಗಿನ ಊರಿನ ಪಂದ್ಯಗಳನ್ನು ಗ್ಯಾರೇಜ್‌ನಲ್ಲಿ ರೇಡಿಯೋದಲ್ಲೇ ಕೇಳುವ ಅಭ್ಯಾಸ. ಕೈಗೆ ಏನಾದರೂ ಕೆಲಸ ಇಟ್ಟುಕೊಂಡೇ ಕೇಳುತ್ತಿದ್ದರು. ಆ ದಿನ ಅಜ್ಜಿಯ ಅಡುಗೆಮನೆಯ ಡ್ರಾಯರ್ ಒಂದನ್ನು ರಿಪೇರಿ ಮಾಡುತ್ತಿದ್ದರು. ನಾನು ಅಸೈನ್‌ಮೆಂಟ್ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದೆ. ಇದು ಸುಲಭದ ಪಂದ್ಯ ಅಂತ ನನ್ನ ಲೆಕ್ಕ. ಸ್ಯಾನ್ ಹೋಸೆಯವರು ಹಾಗೆ ಅಂದುಕೊಂಡಿರಲಿಲ್ಲ. ನಾಲ್ಕನೇ ಕ್ವಾರ್ಟರ್ ಬಂದರೂ ನಾವು ಹಿಂದೆ. ಜಾನ್ಸನ್‌ಗೆ ಏಟು ಬಿದ್ದಿದೆ, ಎದೆ ಹಿಡಿದುಕೊಳ್ಳುತ್ತಿದ್ದಾನೆ ಅಂತ ರೇಡಿಯೋದವರು ಹೇಳಿದರು. ಶ್ವಾಸಕೋಶಕ್ಕೇ ಪೆಟ್ಟಾಗಿತ್ತು ಅಂತ ಗೊತ್ತಾದದ್ದು ಆಮೇಲೆ. ಒಳಗಿನಿಂದ ಅಜ್ಜಿ ಬಂದು ಬಾಗಿಲಲ್ಲಿ ನಿಂತರು.

ಅಜ್ಜನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಒಂದೇ ಸ್ಕ್ರೂವನ್ನು ಬಿಗಿ ಮಾಡುತ್ತಾರೆ, ಸಡಿಲ ಮಾಡುತ್ತಾರೆ, ಮತ್ತೆ ಬಿಗಿ ಮಾಡುತ್ತಾರೆ. ಅವರಿಗೆ ಅದರ ಪರಿವೆಯೇ ಇಲ್ಲ. 20-20 ಆದಾಗಲೂ ಕೈ ನಿಲ್ಲಲಿಲ್ಲ. ಗಡಿಯಾರದಲ್ಲಿ ಸಮಯ ಮುಗಿಯುತ್ತಾ ಬಂತು. ಕಿಕ್ಕರ್ ಆಂಥೊನಿ ಮಾಂಟ್‌ಗೊಮರಿ ಮೈದಾನಕ್ಕೆ ಬಂದ ಅಂದರು. 37 ಯಾರ್ಡ್. ಆಗ ಅಜ್ಜ ಸ್ಕ್ರೂಡ್ರೈವರ್ ಕೆಳಗಿಟ್ಟು ರೇಡಿಯೋ ಮೇಲೆ ಅಂಗೈ ಇಟ್ಟರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. ಚೆಂಡು ಒದ್ದ ಸದ್ದು ರೇಡಿಯೋದಲ್ಲಿ ಕೇಳಿಸುವುದಿಲ್ಲ. ಒಂದು ಖಾಲಿ ಕ್ಷಣ ಇರುತ್ತದೆ ಅಷ್ಟೇ. ಆ ಕ್ಷಣದಲ್ಲಿ ನಾನು ನೋಡಿದ್ದು ಅಜ್ಜನ ಉಗುರುಗಳನ್ನು. ಬೆಳ್ಳಗೆ ಬಿಳಿಚಿಕೊಂಡಿದ್ದವು.

ಒಳಗೆ ಹೋಯಿತು. 23-20.

ಯಾರೂ ಕೂಗಲಿಲ್ಲ. ಅಜ್ಜಿ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಅಜ್ಜ ನಿಧಾನಕ್ಕೆ ಎದ್ದು ಒಳಗೆ ಹೋಗಿ ಪುಸ್ತಕ ತಂದರು, ಆ ಡ್ರಾಯರ್ ಮೇಲೇ ಇಟ್ಟು ಬರೆದರು. ತಾರೀಖು, ಊರು, ಸ್ಕೋರು, 'ಮಾಂಟ್‌ಗೊಮರಿ'. ಅದರ ಕೆಳಗೆ ಎರಡು ಗೆರೆ ಎಳೆದರು. ಇಡೀ ಪುಸ್ತಕದಲ್ಲಿ ಗೆರೆ ಎಳೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಚೆಂಡು ಎರಡಡಿ ಆಚೆಗೆ ಹೋಗಿದ್ದರೆ ಓವರ್‌ಟೈಮ್. ಅಲ್ಲಿ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಸೋತಿದ್ದರೆ ಫಿಯೆಸ್ಟಾ ಬೌಲ್ ಅನ್ನುವ ಹೆಸರೇ ನಮ್ಮ ಬಾಯಿಗೆ ಬರುತ್ತಿರಲಿಲ್ಲ. ಅಂದ ಹಾಗೆ ಆ ಸ್ಯಾನ್ ಹೋಸೆ ತಂಡ ಕೂಡ ಆ ವರ್ಷ ಒಂಬತ್ತು ಪಂದ್ಯ ಗೆದ್ದಿತು, ತಮ್ಮ ಬೌಲ್ ಪಂದ್ಯವನ್ನೂ ಗೆದ್ದರು.

ಜಾನ್ಸನ್ ಆಸ್ಪತ್ರೆ ಸೇರಿದ. ಮುಂದಿನ ವಾರ ಯೂಟಾ ಸ್ಟೇಟ್ ವಿರುದ್ಧ ಆಡಲಿಲ್ಲ, ಅವನಿಲ್ಲದೆಯೂ 49-10. ಕೊನೆಯದು ರೀನೋದಲ್ಲಿ ನೆವಾಡಾ. ಅವನು ವಾಪಸ್ ಬಂದ. 38-7. ಹನ್ನೆರಡಕ್ಕೆ ಹನ್ನೆರಡು. ಬಿಸಿಎಸ್ ಪಟ್ಟಿಯಲ್ಲಿ ಎಂಟನೇ ಸ್ಥಾನ. ಅಧಿಕೃತವಾಗಿ ಹೆಸರು ಬಂದ ದಿನ ಅಜ್ಜ ಏನೂ ಮಾತಾಡಲಿಲ್ಲ. ಹೊರಗೆ ಹೋಗಿ ಅಂಗಳದ ಎಲೆಗಳನ್ನೆಲ್ಲ ಗುಡಿಸಿ ಬಂದರು. ಗುಡಿಸಲು ಅಲ್ಲಿ ಅಷ್ಟೇನೂ ಎಲೆ ಇರಲಿಲ್ಲ.

ಇನ್ನು ಆ ರಾತ್ರಿ. ಎಲ್ಲರಿಗೂ ಗೊತ್ತಿರುವ ಕಥೆ, ಆದರೂ ನಮ್ಮ ಮನೆಯ ಸೋಫಾದಿಂದ ಹೇಳುತ್ತೇನೆ.

ಅರಿಜೋನಾದ ಗ್ಲೆಂಡೇಲ್. ಎದುರಿಗೆ ಓಕ್ಲಹೋಮಾ, 'ಬಿಗ್ 12' ಎಂಬ ದೊಡ್ಡ ಕಾನ್ಫರೆನ್ಸಿನ ಚಾಂಪಿಯನ್. ಬಾಬ್ ಸ್ಟೂಪ್ಸ್ ಕೋಚ್. ಅವರ ರನ್ನಿಂಗ್ ಬ್ಯಾಕ್ ಏಡ್ರಿಯನ್ ಪೀಟರ್ಸನ್ ಕಾಲರ್ ಬೋನ್ ಮುರಿದುಕೊಂಡು ಹೊರಗಿದ್ದವನು ಈ ಪಂದ್ಯಕ್ಕೆ ವಾಪಸ್ ಬಂದಿದ್ದ. ಬಾಯ್ಸಿ ಶುರುವಿನಲ್ಲೇ ಎರಡು ಟಚ್‌ಡೌನ್ ಹೊಡೆಯಿತು. ಮೂರನೇ ಕ್ವಾರ್ಟರ್‌ನಲ್ಲಿ 28-10. ಅಜ್ಜಿ ಅಡುಗೆಮನೆಗೆ ಹೋಗಿ ಕೇಕ್ ಕತ್ತರಿಸಲು ಶುರು ಮಾಡಿದರು. ಅಜ್ಜ ಮಾತ್ರ "ಈಗಲೇ ಬೇಡ" ಅಂದರು.

ಓಕ್ಲಹೋಮಾ ಒಂದೊಂದೇ ಮೆಟ್ಟಿಲು ಹತ್ತಿ ಬಂತು. ಒಂದೂವರೆ ನಿಮಿಷವೂ ಉಳಿದಿಲ್ಲ ಅನ್ನುವಾಗ 28-28. ಅದರ ಮರು ಆಟದಲ್ಲೇ ಝಬ್ರಾನ್‌ಸ್ಕಿಯ ಪಾಸ್ ಎದುರಾಳಿಯ ಕೈಗೆ ಹೋಯಿತು. ಅವನು ಅದನ್ನು ಹಿಡಿದುಕೊಂಡು ನೇರ ಟಚ್‌ಡೌನ್‌ಗೆ ಓಡಿದ. 35-28. ಎರಡು ವರ್ಷದ ಹಿಂದಿನ ಗಾಯವೇ ಮತ್ತೆ ಬಿಚ್ಚಿಕೊಂಡ ಹಾಗೆ. ಟಿವಿಯವರು ಅವನ ಮುಖ ಹತ್ತಿರದಿಂದ ತೋರಿಸಿದರು. ನನಗೆ ನೋಡಲು ಆಗಲಿಲ್ಲ.

ಅದೇ ಹುಡುಗ ಮತ್ತೆ ಬಂದು ನಿಂತ. ಉಳಿದಿದ್ದು 18 ಸೆಕೆಂಡು. ನಾಲ್ಕನೇ ಪ್ರಯತ್ನ, ಬೇಕಾದದ್ದು 18 ಯಾರ್ಡ್, ಮೈದಾನದ ನಟ್ಟನಡುವೆ. ಅವನು ಎಸೆದದ್ದು 15 ಯಾರ್ಡ್ ಪಾಸ್. ಡ್ರಿಸಾನ್ ಜೇಮ್ಸ್ ಹಿಡಿದ. "ಸಾಲಲಿಲ್ಲ" ಅಂತ ನನ್ನ ಬಾಯಿಂದ ಬಂದೇ ಬಂತು. ಅಷ್ಟರಲ್ಲಿ ಎದುರು ದಿಕ್ಕಿನಿಂದ ಓಡಿ ಬಂದ ಜೆರಾರ್ಡ್ ರಾಬ್ ಕೈಗೆ ಜೇಮ್ಸ್ ಚೆಂಡು ಕೊಟ್ಟುಬಿಟ್ಟ. ಓಕ್ಲಹೋಮಾದವರೆಲ್ಲ ಜೇಮ್ಸ್ ಕಡೆ ಓಡುತ್ತಿದ್ದಾರೆ, ಚೆಂಡು ಇನ್ನೊಂದು ಕಡೆ ಓಡುತ್ತಿದೆ! ಏಳು ಸೆಕೆಂಡು ಉಳಿದಿರುವಾಗ ಟಚ್‌ಡೌನ್. ಅಜ್ಜ ಸೋಫಾದಿಂದ ಎದ್ದದ್ದು ನನಗೆ ಕಾಣಲೇ ಇಲ್ಲ. ನೋಡಿದರೆ ಟಿವಿ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಿದ್ದಾರೆ. 35-35.

ಓವರ್‌ಟೈಮ್‌ನ ಮೊದಲ ಆಟದಲ್ಲೇ ಏಡ್ರಿಯನ್ ಪೀಟರ್ಸನ್ 25 ಯಾರ್ಡ್ ಓಡಿ ಟಚ್‌ಡೌನ್. 42-35. ನಮ್ಮ ಸರದಿ ಮತ್ತೆ ನಾಲ್ಕನೇ ಪ್ರಯತ್ನಕ್ಕೇ ಬಂದು ನಿಂತಿತು. ಆಗ ಚೆಂಡು ಝಬ್ರಾನ್‌ಸ್ಕಿಗೆ ಹೋಗದೆ ನೇರ ವಿನ್ನಿ ಪೆರೆಟ್ಟಾಗೆ ಹೋಯಿತು. ಅವನು ಓಡುವವನ ಹಾಗೆ ಓಡಿ, ಕೊನೆಗೆ ಎಸೆದ. ಡೆರೆಕ್ ಶೌಮನ್ ಹಿಡಿದ. 42-41.

ಈಗ ಒಂದು ಅಂಕದ ಕಿಕ್ ಹೊಡೆದರೆ ಸಮ. ನಮ್ಮ ಕೋಚ್ ಪೀಟರ್ಸನ್ ಕಿಕ್ ಬೇಡ ಅಂದರು. ಎರಡು ಅಂಕಕ್ಕೆ ಹೋಗೋಣ, ಇಲ್ಲೇ ಮುಗಿಸೋಣ. ಮೊದಲ ವರ್ಷದ ಕೋಚ್ ಒಬ್ಬರು ಇಡೀ ಸೀಸನ್ನನ್ನು ಒಂದೇ ಆಟದ ಮೇಲೆ ಇಟ್ಟುಬಿಟ್ಟರು. ಅದು ಹುಚ್ಚು ಧೈರ್ಯ ಅಂತ ಜನ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಇಡೀ ವರ್ಷ ಪ್ರತಿ ಶನಿವಾರ ಹಾಗೇ ಆಡಿ ಬಂದವರು ಅವರು. ಒಂದು ಸೋತರೆ ಎಲ್ಲ ಹೋಯಿತು ಅನ್ನುವುದು ಅವರಿಗೆ ಹೊಸದಲ್ಲ.

ಝಬ್ರಾನ್‌ಸ್ಕಿ ಬಲಗಡೆ ಎಸೆಯುವವನ ಹಾಗೆ ಕೈ ಬೀಸಿದ. ಎಲ್ಲರ ಕಣ್ಣೂ ಬಲಕ್ಕೆ. ಚೆಂಡು ಮಾತ್ರ ಅವನ ಎಡಗೈಯಲ್ಲಿ, ಬೆನ್ನ ಹಿಂದೆ. ಜಾನ್ಸನ್ ಅದನ್ನು ತೆಗೆದುಕೊಂಡು ಎಡಕ್ಕೆ ಓಡಿದ. ಯಾರೂ ಅವನನ್ನು ಮುಟ್ಟಲಿಲ್ಲ. 43-42.

ಇದಕ್ಕೆ 'ಸ್ಟ್ಯಾಚ್ಯೂ ಆಫ್ ಲಿಬರ್ಟಿ' ಅನ್ನುತ್ತಾರೆ, ತುಂಬ ಹಳೆಯ ಆಟ. ಆಗಸ್ಟ್‌ನಲ್ಲಿ ಗುಂಡಿಗಳ ಪಾಠ ನಡೆಯುವಾಗ ಅಜ್ಜ ಇದನ್ನೂ ಹೇಳಲು ನೋಡಿದ್ದರು. ಗುಂಡಿಗೆ ಕೈ ಇಲ್ಲ, ಬೆನ್ನಿಲ್ಲ, ತೋರಿಸುವುದು ಹೇಗೆ? ಕೊನೆಗೆ ತಾವೇ ಎದ್ದು ನಿಂತು, ಬಿಸಿ ಪಾತ್ರೆ ಹಿಡಿಯುವ ಬಟ್ಟೆಯನ್ನು ಬೆನ್ನ ಹಿಂದೆ ಹಿಡಿದು, ಬಲಗೈ ಬೀಸಿ, "ಈಗ ತಗೋ, ಓಡು!" ಅಂದಿದ್ದರು. ನಾನು ಆ ಬಟ್ಟೆ ತೆಗೆದುಕೊಂಡು ಫ್ರಿಜ್ಜಿನ ತನಕ ಓಡಿದ್ದೆ. "ಈಗ ಯಾರೂ ಇದನ್ನ ಆಡಲ್ಲ ಬಿಡು" ಅಂದಿದ್ದರು. ಆ ರಾತ್ರಿ ಜಾನ್ಸನ್ ಓಡಿದಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಜ್ಜ ಅಳುತ್ತಿದ್ದರು. ನಾನೂ.

ಅಷ್ಟಕ್ಕೇ ಮುಗಿಯಲಿಲ್ಲ. ಮೈದಾನದಲ್ಲೇ ಜಾನ್ಸನ್ ಮಂಡಿಯೂರಿ ತನ್ನ ಗೆಳತಿ, ಚಿಯರ್‌ಲೀಡರ್ ಕ್ರಿಸ್ಸಿ ಪೊಪಾಡಿಕ್ಸ್‌ಗೆ ಮದುವೆ ಆಗ್ತೀಯಾ ಅಂತ ಕೇಳಿದ. ಅವಳು ಹೂಂ ಅಂದಳು. ಅಜ್ಜಿ ಕೇಕ್ ತಂದಿಟ್ಟು "ನಾನು ಹೇಳಿರಲಿಲ್ಲವಾ, ಒಳ್ಳೇ ಹುಡುಗ ಅಂತ" ಅಂದರು. ಹೊರಗೆ ಬೀದಿ ತುಂಬ ಕಾರುಗಳ ಹಾರ್ನ್. ಬಾಗಿಲು ತೆಗೆದು ನಿಂತೆವು. ಮೈ ಕೊರೆಯುವ ಚಳಿ, ಆದರೂ ಎಲ್ಲ ಮನೆಗಳ ಬಾಗಿಲೂ ತೆರೆದಿದ್ದವು.

ಆ ವರ್ಷ ದೇಶದ ಮೇಲಿನ ದರ್ಜೆಯ ಕಾಲೇಜು ತಂಡಗಳ ಪೈಕಿ ಒಂದೂ ಸೋಲದೆ ಮುಗಿಸಿದ್ದು ಬಾಯ್ಸಿ ಸ್ಟೇಟ್ ಒಂದೇ. 13-0. ಆದರೂ ಚಾಂಪಿಯನ್ ಆದದ್ದು ಫ್ಲಾರಿಡಾ, ಒಂದು ಪಂದ್ಯ ಸೋತಿದ್ದ ತಂಡ. ಪತ್ರಕರ್ತರು ಮತ ಹಾಕುವ ಎಪಿ ಪಟ್ಟಿಯಲ್ಲಿ ಬಾಯ್ಸಿಗೆ ಸಿಕ್ಕಿದ್ದು ಐದನೇ ಸ್ಥಾನ. ಒಬ್ಬರು ಮಾತ್ರ ತಮ್ಮ ಮೊದಲ ಸ್ಥಾನದ ಮತವನ್ನು ಬಾಯ್ಸಿಗೆ ಹಾಕಿದ್ದರು. ಇದು ಸರಿಯಲ್ಲ ಅಂತ ನಾನು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಎದುರಿಗೆ ಬಂದವರನ್ನೆಲ್ಲ ಸೋಲಿಸಿದವರಿಗೆ ಇನ್ನೇನು ಮಾಡಬೇಕಿತ್ತು?

ಓದು ಮುಗಿದು ಕೆಲಸ ಸಿಕ್ಕಿ ನಾನು ಬೇರೆ ಊರಿಗೆ ಹೋದೆ. ಪ್ರತಿ ಪಂದ್ಯದ ಮರುದಿನ ಅಜ್ಜನಿಗೆ ಫೋನ್ ಮಾಡುವುದು ಮಾತ್ರ ಬಿಡಲಿಲ್ಲ. ಫೋನ್ ಎತ್ತಿದ ಕೂಡಲೇ ನಾನು ಕೇಳುವುದು, "ಏನು ಪದ ಬರೆದ್ರಿ?"

2010ರ ನವೆಂಬರ್ 26, ಶುಕ್ರವಾರ ರಾತ್ರಿ. ಮತ್ತೆ ರೀನೋ, ಮತ್ತೆ ನೆವಾಡಾ. ಬಾಯ್ಸಿ ಸತತ 24 ಪಂದ್ಯ ಗೆದ್ದು ಬಂದಿತ್ತು. ಮೊದಲರ್ಧಕ್ಕೆ 24-7 ಮುಂದಿದ್ದವರು, ಕೊನೆಗೆ 31-31. ಸಮಯ ಮುಗಿಯುವಾಗ 26 ಯಾರ್ಡಿನ ಫೀಲ್ಡ್ ಗೋಲ್, ಸ್ಯಾನ್ ಹೋಸೆಯ ಕಿಕ್‌ಗಿಂತ ಹತ್ತಿರ. ಹೊರಗೆ ಹೋಯಿತು. ಓವರ್‌ಟೈಮ್‌ನಲ್ಲಿ 29 ಯಾರ್ಡ್. ಅದೂ ಹೊರಗೆ. 34-31, ಸೋಲು. ಆ ಸೀಸನ್‌ನಲ್ಲಿ ಅದೊಂದೇ ಸೋಲು. ದೊಡ್ಡ ಬೌಲ್‌ನ ಬಾಗಿಲು ಮುಚ್ಚಿತು. ಆ ಕಿಕ್ಕರ್ ಹುಡುಗನಿಗೆ ಜನ ಏನೇನು ಅಂದರು ಅನ್ನುವುದನ್ನು ಇಲ್ಲಿ ಬರೆಯಲ್ಲ, ಅವನ ಹೆಸರನ್ನೂ ಬರೆಯಲ್ಲ.

ಮರುದಿನ ಫೋನ್ ಮಾಡಿದೆ. ಅಜ್ಜನ ದನಿ ಸಣ್ಣಗಾಗಿತ್ತು. ಸ್ವಲ್ಪ ಹೊತ್ತು ಹವಾಮಾನದ ಬಗ್ಗೆ ಮಾತಾಡಿದೆವು. ಆಮೇಲೆ ಕೇಳಿದೆ, ಏನು ಪದ ಬರೆದ್ರಿ ಅಂತ.

"ತಾರೀಖು ಬರೆದೆ, ಊರು ಬರೆದೆ, ಸ್ಕೋರು ಬರೆದೆ" ಅಂದರು. "ಕೊನೇ ಜಾಗ ಖಾಲಿ ಬಿಟ್ಟಿದ್ದೀನಿ ಮಗೂ. ಅಲ್ಲಿ ಅವನ ಹೆಸರು ಬರೆಯೋಕೆ ನನಗೆ ಕೈ ಬರಲಿಲ್ಲ."

ಅಷ್ಟರಲ್ಲಿ ಅಜ್ಜಿ ಫೋನ್ ತೆಗೆದುಕೊಂಡರು. "ರಾತ್ರಿಯಿಂದ ಇವರು ಗ್ಯಾರೇಜ್‌ನಲ್ಲೇ ಇದ್ದಾರೆ" ಅಂದರು. "ಆ ಡ್ರಾಯರ್ ಸ್ಕ್ರೂ ಮತ್ತೆ ಬಿಗಿ ಮಾಡ್ತಿದ್ದಾರೆ."